ಕನ್ನಡಿಯ ಪಕ್ಕದ ಕ್ಯಾಮೆರಾ

ತೋರಿನೊ, ೯ ನವೆಂಬರ್ ೨೦೨೦

ಯುಸ್ಟಿನಾ ಅವರಿಗೆ,

ಈ ಪತ್ರದೊಂದಿಗೆ ಬಂದಿರುವ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಅಮ್ಮನ ಕೋಣೆಯಲ್ಲಿ ಅದನ್ನು ನೀವೇ ಕೂರಿಸಬೇಕು. ಈ ಸೋಂಕಿನ ದಿನಗಳಲ್ಲಿ ಹೊರಗಿನ ಕೆಲಸಗಾರರು ಅಮ್ಮನ ಹಾಸಿಗೆಯ ಬಳಿ ನಿಂತು ಉಸಿರಾಡುವುದು ನನಗೆ ಒಪ್ಪಿಗೆಯಿಲ್ಲ. ನಾನೇ ಬರೋಣವೆಂದರೆ ಪ್ರಾಂತ್ಯದ ಗಡಿ ದಾಟಲು ಅನುಮತಿಯಿಲ್ಲ. ಎಂಬತ್ತೊಂಬತ್ತು ವರ್ಷದ ತಾಯಿಯನ್ನು ಐನೂರೈವತ್ತು ಕಿಲೋಮೀಟರ್ ದೂರದಿಂದ ನೋಡಿಕೊಳ್ಳಲು ಇದಲ್ಲದೆ ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಮಾಡಬೇಕಾದುದು ಇಷ್ಟು. ಹಾಸಿಗೆಯ ಎದುರಿನ ಗಿಡ್ಡ ಕಪಾಟಿನ ಮೇಲೆ, ಕನ್ನಡಿಯ ಪಕ್ಕದಲ್ಲಿ ಅದನ್ನು ನಿಲ್ಲಿಸಿ ವಿದ್ಯುತ್ತಿಗೆ ಜೋಡಿಸಿ. ಕೆಂಪು ದೀಪ ಮಿನುಗತೊಡಗಿದ ಮೇಲೆ, ಕಾಗದದಲ್ಲಿ ಮುದ್ರಿಸಿರುವ ಚೌಕದ ಗುರುತನ್ನು ನಿಮ್ಮ ಫೋನಿನಿಂದ ಓದಿಸಿ. ಮನೆಯ ವೈ-ಫೈ ಪಾಸ್‌ವರ್ಡ್ ರೂಟರಿನ ಬೆನ್ನಿನ ಮೇಲಿದೆ. ದೀಪ ನೀಲಿಗೆ ತಿರುಗಿದರೆ ಕೆಲಸ ಮುಗಿದಂತೆ. ಮಿಕ್ಕದ್ದನ್ನು ನಾನು ಇಲ್ಲಿಂದಲೇ ನೋಡಿಕೊಳ್ಳುತ್ತೇನೆ. ಧ್ವನಿ ದಾಖಲಾಗದಂತೆ ಮಾಡುತ್ತೇನೆ. ಮನೆಗೆಲಸದವರ ಮಾತನ್ನು ದಾಖಲಿಸುವುದು ಕಾನೂನಿನಲ್ಲಿ ತೊಡಕಿನ ವಿಷಯವೆಂದು ನಮ್ಮ ಕಚೇರಿಯ ವಕೀಲರು ಹೇಳಿದ್ದಾರೆ. ಆದ್ದರಿಂದ ಚಿತ್ರ ಮಾತ್ರ ಬರುತ್ತದೆ.

ಚಿತ್ರ ಹೇಳದಿರುವುದನ್ನು ನೀವು ಬರೆದು, ಸಹಿ ಮಾಡಿ, ಅಂಚೆಗೆ ಹಾಕಿ. ಫೋನು ಬೇಡ. ಅಮ್ಮನ ಕಣ್ಣು ಮಂಜಾದರೂ ಕಿವಿ ಇನ್ನೂ ಚುರುಕಾಗಿದೆ; ಎಲ್ಲವನ್ನೂ ಕೇಳಿಸಿಕೊಂಡು ಜಗಳ ತೆಗೆಯುತ್ತಾಳೆ. ಇದೇನೆಂದು ಕೇಳಿದರೆ ಗೋಡೆಯ ತೇವ ಅಳೆಯುವ ಯಂತ್ರವೆಂದು ಹೇಳಿ.

ನಿಮ್ಮ ವಾಸದ ಪರವಾನಗಿಗಾಗಿ ನಾನು ಬೇಸಿಗೆಯಲ್ಲಿ ಹಾಕಿದ ಅರ್ಜಿ ಇನ್ನೂ ಜಿಲ್ಲಾ ಕಚೇರಿಯಲ್ಲಿದೆ. ಕರೆ ಬಂದ ದಿನ ನಾವಿಬ್ಬರೂ ಒಟ್ಟಿಗೆ ಹೋಗಿ ಸಹಿ ಹಾಕಬೇಕು. ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ. ನೀವೂ ತಪ್ಪದಿರಿ.

ಫುಲ್ವಿಯಾ


ಫೆರ್ಮೊ, ೧೪ ನವೆಂಬರ್ ೨೦೨೦

ಮಾನ್ಯ ಸಿನ್ಯೋರಾ ಫುಲ್ವಿಯಾ ಅವರಿಗೆ ವಂದನೆಗಳು.

ಕ್ಯಾಮೆರಾ ಕೂರಿಸಿದ್ದೇನೆ. ಎರಡು ದಿನ ಹಿಡಿಯಿತು. ಮೊದಲ ದಿನ ಕೆಂಪು ದೀಪ ಮಿನುಗಿತೇ ಹೊರತು ನೀಲಿಯಾಗಲಿಲ್ಲ. ನಿಮ್ಮ ಮನೆಯ ಗೋಡೆಗಳು ಎರಡು ಮೊಳ ದಪ್ಪ. ಅಡುಗೆಮನೆಯಲ್ಲಿರುವ ರೂಟರಿನ ಅಲೆ ಅವುಗಳನ್ನು ದಾಟುವುದಿಲ್ಲ. ಎರಡನೆಯ ದಿನ ರೂಟರನ್ನು ಮೆಟ್ಟಿಲಿನ ತಿರುವಿಗೆ ತಂದಿಟ್ಟು, ತಂತಿಯನ್ನು ಬಾಗಿಲಿನ ಅಂಚಿನಲ್ಲಿ ಮೊಳೆ ಹೊಡೆದು ನಿಲ್ಲಿಸಿದೆ. ಆಗ ದೀಪ ನೀಲಿಯಾಯಿತು.

ಅಮ್ಮನವರು ಹಾಸಿಗೆಯಿಂದಲೇ ಎಲ್ಲವನ್ನೂ ಗಮನಿಸುತ್ತಿದ್ದರು.

“ಏನೇ ಅದು, ಗೂಬೆ ಮರಿ ಇದ್ದಂಗಿದೆ?”

“ಗೋಡೆ ತೇವ ಅಳೆಯೋ ಯಂತ್ರ, ಸಿನ್ಯೋರಾ.”

“ಐವತ್ತು ವರ್ಷದಿಂದ ಈ ಗೋಡೆ ಒದ್ದೆಯಾಗೇ ಇದೆ. ಅದನ್ನ ಹೇಳಕ್ಕೆ ತೋರಿನೊದಿಂದ ಯಂತ್ರ ಬರ್ಬೇಕಾ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿರ್ಲಿಲ್ವಾ?”

ಸಂಜೆ ಅವರು ತಲೆ ಬಾಚಿಸಿಕೊಂಡು, ಭಾನುವಾರದ ಶಾಲು ಹೊದಿಸಲು ಹೇಳಿದರು. ಇಂದು ಇನ್ನೂ ಶನಿವಾರ.

ಊಟ, ಔಷಧಿ, ನಿದ್ರೆಗಳ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿದ್ದೇನೆ. ಅರ್ಜಿಯ ವಿಷಯದಲ್ಲಿ ನಿಮಗೆ ಋಣಿ. ನನ್ನ ಮಗಳು ಇಲಿಂಕಾಳನ್ನು ಮೊಲ್ಡೋವಾದಲ್ಲಿ ನನ್ನ ಅಕ್ಕನ ಬಳಿ ಬಿಟ್ಟು ಬಂದಾಗ ಅವಳಿಗೆ ಒಂಬತ್ತು ವರ್ಷ, ಈಗ ಹದಿನೈದು. ಪರವಾನಗಿಯಿಲ್ಲದೆ ಹೊರಟರೆ ಮರಳಿ ಬರಲಾಗದು, ಮರಳಿ ಬಾರದಿದ್ದರೆ ಅವಳ ಓದು ನಡೆಯದು. ಆ ಒಂದು ಸಹಿ ನನ್ನ ಪಾಲಿಗೆ ಎಂಥದೆಂಬುದು ನಿಮಗೆ ತಿಳಿದಿದೆ.

ವಿಧೇಯಳಾದ
ಯುಸ್ಟಿನಾ ರುಸ್ನಾಕ್


ತೋರಿನೊ, ೨೩ ನವೆಂಬರ್ ೨೦೨೦

ಪ್ರೀತಿಯ ಯುಸ್ಟಿನಾ,

ಅಮ್ಮ ಸಾರು ಕುಡಿಯುವುದನ್ನು ಕಚೇರಿಯಲ್ಲಿ ಕುಳಿತೇ ನೋಡಿದೆ. ಬಟ್ಟಲನ್ನು ಎರಡೂ ಕೈಗಳಿಂದ ಹಿಡಿದು ಕೊನೆಯ ಹನಿಗಾಗಿ ತಲೆ ಹಿಂದಕ್ಕೆ ಚಾಚುವ ಆ ಅಭ್ಯಾಸವನ್ನು ನಾನು ಮರೆತೇಬಿಟ್ಟಿದ್ದೆ. ನಿಮಗೆ ನನ್ನ ಕೃತಜ್ಞತೆಗಳು.

ಚಿತ್ರ ಸ್ವಲ್ಪ ಎಡಕ್ಕೆ ವಾಲಿದೆ. ಕೆಳಗೆ ಕಾಗದ ಮಡಿಸಿ ಇಡಿ. ಮತ್ತೊಂದು ಸಂಗತಿ. ಗುರುವಾರ ನಾಲ್ಕು ಗಂಟೆಗೆ ನೀವು ಹಾಸಿಗೆಯ ಅಂಚಿನಲ್ಲಿ ಕುಳಿತು ಅಮ್ಮನ ಮುಖದ ಮುಂದೆ ಬೆರಳಾಡಿಸಿ ಗದರಿದಿರಿ. ಅಮ್ಮ ಕೈಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಳು. ಏನು ನಡೆಯಿತೆಂದು ತಿಳಿಸಿ. ಆರೋಪಿಸುತ್ತಿಲ್ಲ, ಕೇಳುತ್ತಿದ್ದೇನೆ.

ಫುಲ್ವಿಯಾ


ಫೆರ್ಮೊ, ೨೮ ನವೆಂಬರ್ ೨೦೨೦

ಮಾನ್ಯ ಸಿನ್ಯೋರಾ,

ಗುರುವಾರ ನಾವು ಇಸ್ಪೀಟು ಆಡುತ್ತಿದ್ದೆವು. ಅಮ್ಮನವರು ಹೊದಿಕೆಯೊಳಗೆ ಬಚ್ಚಿಟ್ಟದ್ದು ಕೈಗಳನ್ನಲ್ಲ, ಎಕ್ಕವನ್ನು.

“ಸಿನ್ಯೋರಾ, ಆ ಎಲೆ ಈಗಾಗ್ಲೇ ಇಳ್ದುಹೋಗಿತ್ತು. ಎಲ್ಲಿಂದ ಬಂತು ಮತ್ತೆ?”

“ಕಣ್ಣು ಕಾಣ್ದಿರೋ ಮುದುಕಿ ಮೇಲೆ ಕಳ್ಳತನ ಹೊರಿಸ್ತೀಯಲ್ಲ, ನಿನಗೆ ಒಳ್ಳೇದಾಗತ್ತಾ?”

“ಕಣ್ಣು ಕಾಣ್ದಿದ್ರೆ ಎಕ್ಕ ಹೆಂಗೆ ಸಿಕ್ತು?”

“ನಲವತ್ತು ವರ್ಷ ಬೂಟಿನ ಮೇಲ್ಚರ್ಮ ಹೊಲ್ದಿದೀನಿ ಕಣೇ. ಬೆರಳಿಗೇ ಕಣ್ಣಿದೆ.”

ಅದಕ್ಕೆ ನಾನು ಬೆರಳಾಡಿಸಿ ಗದರಿದ್ದು ನಿಜ. ಆಮೇಲೆ ಇಬ್ಬರೂ ನಕ್ಕೆವು. ಆಗ ನಾನು ಕ್ಯಾಮೆರಾಕ್ಕೆ ಬೆನ್ನು ಹಾಕಿ ಕುಳಿತಿದ್ದೆನೆಂದು ತೋರುತ್ತದೆ. ಇನ್ನು ಮುಂದೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳುತ್ತೇನೆ.

ಕ್ಯಾಮೆರಾದ ಕೆಳಗೆ ಕಾಗದ ಇಟ್ಟಿದ್ದೇನೆ.

ಯುಸ್ಟಿನಾ


ತೋರಿನೊ, ೧೩ ಡಿಸೆಂಬರ್ ೨೦೨೦

ಯುಸ್ಟಿನಾ ಅವರಿಗೆ,

ಇದನ್ನು ಬರೆಯುವ ಮುನ್ನ ಎರಡು ದಿನ ಯೋಚಿಸಿದ್ದೇನೆ. ಹತ್ತನೆಯ ತಾರೀಖು ಗುರುವಾರ ಬೆಳಿಗ್ಗೆ ವೈದ್ಯರು ಬಂದು ಹೋದರು. ಅವರನ್ನು ಕಳುಹಿಸಿ ಬಂದವರೇ ನೀವು ಕಪಾಟಿನ ಕೆಳಗಿನ ಡ್ರಾಯರನ್ನು ಎಳೆದು, ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಹೊರತೆಗೆದು, ಅಮ್ಮನ ಕಡೆಗೊಮ್ಮೆ ನೋಡಿ, ಮತ್ತೆ ಒಳಗಿಟ್ಟಿರಿ. ಅದೇ ಕಪಾಟಿನ ಮೇಲಿನ ಡ್ರಾಯರಿನಲ್ಲಿ ನಮ್ಮ ಅಜ್ಜಿಯ ಹವಳದ ಸರ ಇರುವುದು ನಿಮಗೆ ಗೊತ್ತು.

ನಿಮ್ಮ ವಸ್ತುಗಳು ಯಾವುವು, ಅಮ್ಮನ ವಸ್ತುಗಳು ಯಾವುವು ಎಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮವನ್ನೆಲ್ಲ ಒಂದೂ ಬಿಡದೆ ಕೆಳಗಿನ ಉಗ್ರಾಣಕ್ಕೆ ಸಾಗಿಸಿ, ಬೀಗ ಹಾಕಿಕೊಳ್ಳಿ. ಕೋಣೆಯಲ್ಲಿ ಅಮ್ಮನದು ಮಾತ್ರ ಇರಲಿ. ಇದು ನಿಮ್ಮ ಹಿತಕ್ಕೂ ಹೌದು. ನಾಳೆ ಜಿಲ್ಲಾ ಕಚೇರಿಯಲ್ಲಿ ನಿಮ್ಮ ನಡತೆಯ ಬಗ್ಗೆ ಕೇಳಿದರೆ ಮನಸ್ಸಿನಲ್ಲಿ ಏನನ್ನೂ ಬಚ್ಚಿಟ್ಟುಕೊಳ್ಳದೆ ಉತ್ತರಿಸುವ ಸ್ಥಿತಿ ನನ್ನದಾಗಿರಬೇಕು.

ವೈದ್ಯರು ಏನು ಹೇಳಿದರು?

ಫುಲ್ವಿಯಾ


ಫೆರ್ಮೊ, ೧೭ ಡಿಸೆಂಬರ್ ೨೦೨೦

ಮಾನ್ಯ ಸಿನ್ಯೋರಾ,

ಬಟ್ಟೆಯಲ್ಲಿದ್ದುದು ನಾನು ನನ್ನ ಊರಿನಿಂದ ತಂದ ಮೇಣದಬತ್ತಿ. ಕೆಳಗಿನ ಡ್ರಾಯರನ್ನು ಆರು ವರ್ಷಗಳ ಹಿಂದೆ ಅಮ್ಮನವರೇ ನನಗೆ ಬಿಟ್ಟುಕೊಟ್ಟಿದ್ದರು. ಈಗ ಅದನ್ನು ಬರಿದು ಮಾಡಿದ್ದೇನೆ. ನನ್ನದೆಂಬುದೆಲ್ಲವೂ ಉಗ್ರಾಣದಲ್ಲಿದೆ. ಹವಳದ ಸರವನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದ್ದೇನೆ. ನೀವು ನೋಡಿದ್ದೀರೆಂದು ಭಾವಿಸುತ್ತೇನೆ.

ವೈದ್ಯರದು ವಾಡಿಕೆಯ ಭೇಟಿ. ಔಷಧಿಯಲ್ಲಿ ಬದಲಾವಣೆಯಿಲ್ಲ.

ಯುಸ್ಟಿನಾ ರುಸ್ನಾಕ್


ತೋರಿನೊ, ೭ ಜನವರಿ ೨೦೨೧

ಯುಸ್ಟಿನಾ ಅವರಿಗೆ,

ಹಬ್ಬಕ್ಕೆ ಬರಲಾಗಲಿಲ್ಲ. ಇಡೀ ದೇಶವನ್ನೇ ಕೆಂಪು ವಲಯವೆಂದು ಸಾರಿದ್ದನ್ನು ನೀವೂ ಕೇಳಿರುತ್ತೀರಿ. ಕ್ರಿಸ್‌ಮಸ್ ದಿನ ನೀವಿಬ್ಬರೂ ಊಟ ಮಾಡುವುದನ್ನು ನೋಡುತ್ತ ನಾನೂ ಇಲ್ಲಿ ಒಬ್ಬಳೇ ಊಟ ಮಾಡಿದೆ. ಎದುರಿಗೆ ಲೋಟಕ್ಕೆ ಒರಗಿಸಿ ಫೋನು ನಿಲ್ಲಿಸಿದ್ದೆ.

ಒಂದು ವಿಷಯ ಕೇಳಬೇಕಿದೆ. ಪ್ರತಿ ಸಂಜೆ ನೀವು ಅಡುಗೆಮನೆಗೆ ಹೋದೊಡನೆ ಅಮ್ಮ ಕ್ಯಾಮೆರಾದ ಕಡೆಗೆ ಮುಖ ಮಾಡಿ ತುಟಿಗಳನ್ನಾಡಿಸುತ್ತಾಳೆ. ಎಂಟು, ಹತ್ತು ನಿಮಿಷ. ಅವಳು ಏನು ಹೇಳುತ್ತಾಳೆ?

ಫುಲ್ವಿಯಾ


ಫೆರ್ಮೊ, ೧೨ ಜನವರಿ ೨೦೨೧

ಮಾನ್ಯ ಸಿನ್ಯೋರಾ,

ಪ್ರಾರ್ಥನೆ ಹೇಳಿಕೊಳ್ಳುತ್ತಾರೆ.

ಯುಸ್ಟಿನಾ


ತೋರಿನೊ, ೨೭ ಜನವರಿ ೨೦೨೧

ಪ್ರೀತಿಯ ಯುಸ್ಟಿನಾ,

ಒಳ್ಳೆಯ ಸುದ್ದಿ. ಜಿಲ್ಲಾ ಕಚೇರಿಯಿಂದ ಕರೆ ಬಂದಿದೆ: ಮಾರ್ಚ್ ಹದಿನಾರು, ಬೆಳಿಗ್ಗೆ ಹತ್ತೂವರೆ. ನೀವು ನಿಮ್ಮ ಪಾಸ್‌ಪೋರ್ಟ್ ತರಬೇಕು. ನಾನು ಹಿಂದಿನ ದಿನವೇ ಬಂದು ಅಮ್ಮನ ಜೊತೆ ಇರುತ್ತೇನೆ. ಕೆಲಸ ಮುಗಿದ ಮೇಲೆ ನೀವು ಒಂದು ತಿಂಗಳು ನಿಮ್ಮ ಮಗಳ ಬಳಿ ಹೋಗಿ ಬನ್ನಿ; ಅಷ್ಟು ದಿನ ನಾನು ಇಲ್ಲಿ ರಜೆ ಹಾಕಿ ಅಮ್ಮನ ಬಳಿ ಇರುತ್ತೇನೆ. ಅಮ್ಮನಿಗೆ ಈಗಲೇ ಹೇಳಬೇಡಿ. ಬಾಗಿಲಲ್ಲಿ ನಿಂತು ಅಚ್ಚರಿಪಡಿಸಬೇಕು.

ಡಿಸೆಂಬರಿನಲ್ಲಿ ನಾನು ಬರೆದದ್ದು ಒರಟಾಗಿತ್ತು. ದಿನವಿಡೀ ಧ್ವನಿಯಿಲ್ಲದ ಚಿತ್ರ ನೋಡುತ್ತಿದ್ದರೆ ಮನಸ್ಸು ಮಾತುಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಒಳ್ಳೆಯ ಮಾತುಗಳನ್ನು ಹೊಂದಿಸುವುದಿಲ್ಲ.

ಫುಲ್ವಿಯಾ


ತೋರಿನೊ, ೧೯ ಫೆಬ್ರವರಿ ೨೦೨೧

ಯುಸ್ಟಿನಾ ರುಸ್ನಾಕ್ ಅವರಿಗೆ,

ನನ್ನ ತಾಯಿ ಎರ್ಸಿಲಿಯಾ ಫೆಬ್ರವರಿ ಎರಡರಂದು ತೀರಿಕೊಂಡದ್ದಕ್ಕೆ ಸಂಬಂಧಿಸಿದಂತೆ ನಿಮ್ಮ ಮೇಲೆ ದೂರು ದಾಖಲಿಸಿದ್ದೇನೆ. ಅದರ ಆಧಾರಗಳನ್ನು ನಿಮಗೂ ತಿಳಿಸುವುದು ಸರಿಯೆಂದು ಬರೆಯುತ್ತಿದ್ದೇನೆ. ಎಲ್ಲವೂ ಕ್ಯಾಮೆರಾದ ದಾಖಲೆಯಲ್ಲಿದೆ.

ಏಳು ಗಂಟೆ ಎರಡು ನಿಮಿಷಕ್ಕೆ ನೀವು ಕೋಣೆಗೆ ಬರುತ್ತೀರಿ. ಅಮ್ಮನಿಗೆ ಉಸಿರು ಕಷ್ಟವಾಗಿರುವುದು ಯಾರಿಗಾದರೂ ಕಾಣುತ್ತದೆ. ನೀವು ಅವಳ ಮುಖ ಮುಟ್ಟಿ ನೋಡಿ, ಅವಳನ್ನು ಹಾಗೆಯೇ ಬಿಟ್ಟು ಹೊರಗೆ ಹೋಗುತ್ತೀರಿ. ನಾಲ್ಕು ನಿಮಿಷ ಅವಳು ಒಬ್ಬಳೇ ಇದ್ದಾಳೆ. ಏಳು ಗಂಟೆ ಏಳು ನಿಮಿಷಕ್ಕೆ ಮರಳಿದವರು ಮೇಣದಬತ್ತಿ ಹಚ್ಚಿ ಅವಳ ಕೈಗಿಟ್ಟು, ಆ ಕೈಯನ್ನು ಹಿಡಿದು ಕೂರುತ್ತೀರಿ. ತುರ್ತು ಸೇವೆಗೆ ಫೋನು ಮಾಡಿದ್ದು ಏಳು ಗಂಟೆ ಹನ್ನೊಂದಕ್ಕೆ. ಏಳು ಇಪ್ಪತ್ತಕ್ಕೆ ಕಿಟಕಿಯನ್ನು ಹಾರುಹೊಡೆಯುತ್ತೀರಿ, ಫೆಬ್ರವರಿಯ ಚಳಿಯಲ್ಲಿ. ಆಮೇಲೆ ಮೇಜುಬಟ್ಟೆ ತಂದು ಕನ್ನಡಿಯ ಮೇಲೂ ಕ್ಯಾಮೆರಾದ ಮೇಲೂ ಹಾಕುತ್ತೀರಿ. ಅಲ್ಲಿಂದ ಮುಂದೆ ಬರೀ ಕತ್ತಲೆ. ಆಂಬುಲೆನ್ಸ್ ಬಂದದ್ದು ಏಳು ಮೂವತ್ತನಾಲ್ಕಕ್ಕೆ.

ಮರೆಮಾಚಲು ಏನೂ ಇಲ್ಲದವರು ಕ್ಯಾಮೆರಾದ ಮೇಲೆ ಬಟ್ಟೆ ಹಾಕುವುದಿಲ್ಲ.

ಅರ್ಜಿಯನ್ನು ಹಿಂತೆಗೆದುಕೊಂಡಿದ್ದೇನೆ. ಮಾರ್ಚ್ ಹದಿನಾರಕ್ಕೆ ನಾನು ಬರುವುದಿಲ್ಲ. ಮನೆಯ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೀರೆಂದು ತಿಳಿಯಿತು. ಉಗ್ರಾಣದಲ್ಲಿ ನಿಮ್ಮದೇನಾದರೂ ಉಳಿದಿದ್ದರೆ ಅವರ ಸಮ್ಮುಖದಲ್ಲಿ ತೆಗೆದುಕೊಳ್ಳಬಹುದು.

ಫುಲ್ವಿಯಾ


ಪೋರ್ತೊ ಸಾನ್ ಜೋರ್ಜೊ, ೨೭ ಫೆಬ್ರವರಿ ೨೦೨೧

ಸಿನ್ಯೋರಾ ಫುಲ್ವಿಯಾ ಅವರಿಗೆ,

ನಮ್ಮ ಊರಿನ ಇಬ್ಬರು ಹೆಂಗಸರ ಕೋಣೆಯಲ್ಲಿ ಮೂರನೆಯವಳಾಗಿ ಮಲಗುತ್ತಿದ್ದೇನೆ. ಇಲ್ಲಿಂದಲೇ ಬರೆಯುತ್ತಿದ್ದೇನೆ. ನೀವು ಬರೆದ ವೇಳೆಗಳೆಲ್ಲ ಸರಿಯಾಗಿವೆ. ಅವುಗಳ ನಡುವೆ ನಡೆದದ್ದನ್ನು ನಾನು ಹೇಳುತ್ತೇನೆ.

ನಮ್ಮಲ್ಲಿ ಸಾಯುವವರ ಕೈಯಲ್ಲಿ ಉರಿಯುವ ಮೇಣದಬತ್ತಿ ಇರಲೇಬೇಕು. ಬೆಳಕಿಲ್ಲದೆ ಹೋದವರು ಆ ಕಡೆ ಕೊನೆಯಿಲ್ಲದೆ ತಡಕಾಡುತ್ತಾರೆ ಎಂದು ನಂಬಿ ಬೆಳೆದವಳು ನಾನು. ಒಬ್ಬರನ್ನು ಶಪಿಸಬೇಕಾದರೆ ನಮ್ಮಲ್ಲಿ ‘ಬತ್ತಿಯಿಲ್ಲದೆ ಸಾಯಿ’ ಎನ್ನುತ್ತಾರೆ. ಅದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿಲ್ಲ. ಪರದೇಶಕ್ಕೆ ಹೊರಡುವ ಹೆಂಗಸರು ತಮಗಾಗಿ ಒಂದನ್ನು ಕಟ್ಟಿಕೊಂಡು ಬರುತ್ತಾರೆ, ಅಪರಿಚಿತರ ಮನೆಯಲ್ಲಿ ಸತ್ತರೆ ಯಾರಾದರೂ ಹಚ್ಚಲಿ ಎಂದು. ನೀವು ಡ್ರಾಯರಿನಲ್ಲಿ ಕಂಡದ್ದು ಅದನ್ನು. ಅದು ನನ್ನದು, ನನಗೆಂದು ತಂದದ್ದು.

ಅಂದು ಬೆಳಿಗ್ಗೆ ಅಮ್ಮನವರ ಮೂಗು ಚೂಪಾಗಿ, ತುಟಿ ನೀಲಿಗಟ್ಟಿದ್ದನ್ನು ಕಂಡಾಗ ನನ್ನ ಕೈ ತಾನಾಗಿ ಕೆಳಗಿನ ಡ್ರಾಯರಿಗೆ ಹೋಯಿತು. ಅದು ಖಾಲಿಯಿತ್ತು. ನಿಮ್ಮ ಆಜ್ಞೆಯಂತೆ ಬತ್ತಿ ಉಗ್ರಾಣದಲ್ಲಿತ್ತು. ಇಪ್ಪತ್ತೆರಡು ಮೆಟ್ಟಿಲು, ಅಂಗಳ, ಬೀಗ, ಪೆಟ್ಟಿಗೆಯ ತಳ. ಡ್ರಾಯರಿನಲ್ಲಿದ್ದಿದ್ದರೆ ನಾನು ಆ ಕೋಣೆ ಬಿಟ್ಟು ಹೋಗುತ್ತಲೇ ಇರಲಿಲ್ಲ. ಆ ನಾಲ್ಕು ನಿಮಿಷಗಳಲ್ಲಿ ನಿಮ್ಮ ಪಾಲೂ ಇದೆ.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಫೋನು ನನ್ನ ಜೇಬಿನಲ್ಲಿತ್ತು. ಮೆಟ್ಟಿಲಿಳಿಯುತ್ತಲೇ ಕರೆ ಮಾಡಬಹುದಾಗಿತ್ತು. ಮಾಡಲಿಲ್ಲ. ಮೊದಲು ಬೆಳಕು, ಆಮೇಲೆ ಮಿಕ್ಕದ್ದು ಎಂದೇ ನನ್ನ ಕಾಲು ಓಡಿತು. ಬೇಗ ಕರೆದಿದ್ದರೆ ಅವರು ಉಳಿಯುತ್ತಿದ್ದರೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿದೆಯೆಂದು ಹೇಳುವ ಯಾರನ್ನೂ ನಾನು ನಂಬುವುದಿಲ್ಲ.

ತುರ್ತು ಸೇವೆಯವರ ನಂತರ ನಿಮಗೂ ಕರೆ ಮಾಡಿದೆ. ನೀವು ಎತ್ತಲಿಲ್ಲ.

ಕಿಟಕಿ ತೆರೆದದ್ದು ಉಸಿರು ನಿಂತ ಮೇಲೆ. ಜೀವ ಹೊರಗೆ ಹೋಗಲು ದಾರಿ ಬೇಕು. ಬಟ್ಟೆಯ ವಿಷಯವೂ ಹಾಗೆಯೇ. ಸಾವಿನ ಮನೆಯಲ್ಲಿ ಬಿಂಬ ಮೂಡುವ ಯಾವುದನ್ನೂ ನಾವು ತೆರೆದಿಡುವುದಿಲ್ಲ, ಜೀವ ಅದರಲ್ಲಿ ಸಿಕ್ಕಿಕೊಳ್ಳಬಾರದೆಂದು. ಕನ್ನಡಿ ಮುಚ್ಚಿದೆ. ಪಕ್ಕದಲ್ಲಿ ಇನ್ನೊಂದು ಗಾಜು ಹೊಳೆಯಿತು, ಅದನ್ನೂ ಮುಚ್ಚಿದೆ. ಅದರ ಆಚೆ ನೀವಿದ್ದೀರೆಂಬುದು ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ. ಅದು ನಾನು ನನ್ನ ಕೈಯಾರೆ ಮೊಳೆ ಹೊಡೆದು, ತಂತಿ ಎಳೆದು ಕೂರಿಸಿದ ಕ್ಯಾಮೆರಾ, ಆದರೂ ನೆನಪಾಗಲಿಲ್ಲ. ಮರೆಮಾಚಬೇಕೆಂದಿದ್ದರೆ ಮೊದಲೇ ಮುಚ್ಚುತ್ತಿರಲಿಲ್ಲವೇ?

ಪತ್ರಗಳಲ್ಲಿ ನಾನು ನಿಮಗೆ ಎರಡು ಸುಳ್ಳು ಬರೆದಿದ್ದೇನೆ. ಡಿಸೆಂಬರ್ ಹತ್ತರಂದು ವೈದ್ಯರು, “ಹೃದಯ ಸವೆದುಹೋಗಿದೆ. ಇವತ್ತೋ ನಾಳೆಯೋ ಹೇಳಕ್ಕಾಗಲ್ಲ” ಎಂದಿದ್ದರು. ಅಮ್ಮನವರು ನನ್ನ ಮಣಿಕಟ್ಟು ಹಿಡಿದು, “ಫುಲ್ವಿಯಾಗೆ ಬರೆದ್ಯೋ ನೋಡು. ನನ್ನ ಮೂಟೆ ಕಟ್ಟಿ ತೋರಿನೊದ ಯಾವುದೋ ಆಶ್ರಮಕ್ಕೆ ಹಾಕ್ತಾಳೆ. ನಾನು ಸಾಯೋದಾದ್ರೆ ನನ್ನ ಒದ್ದೆ ಗೋಡೆ ನೋಡ್ಕೊಂಡೇ ಸಾಯ್ತೀನಿ” ಎಂದರು. ನಾನು ಬರೆಯಲಿಲ್ಲ.

ಎರಡನೆಯದು ಪ್ರಾರ್ಥನೆಯ ಮಾತು. ಅದು ಪ್ರಾರ್ಥನೆಯಾಗಿರಲಿಲ್ಲ. ಆ ಯಂತ್ರ ಏನೆಂಬುದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಪ್ರತಿ ಸಂಜೆ ನಿಮ್ಮೊಡನೆ ಮಾತನಾಡುತ್ತಿದ್ದರು. ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. “ತಂಬಾಕು ಅಂಗಡಿ ದೆಲೀನಾ ಮಗ, ತಾಯಿಗೆ ಹುಷಾರಿಲ್ಲ ಅಂತ ಒಂದು ಕಾಗದ ಬರ್ಕೊಂಡು ಬೊಲೋನ್ಯಾದಿಂದ ಬಂದು ಹೋದ. ಯಾವ ಪೊಲೀಸ್ರೂ ತಡೀಲಿಲ್ಲ. ನಿನ್ನತ್ರ ಪೆನ್ನಿಲ್ವೇನೇ, ಫುಲ್ವಿಯಾ?” ಎನ್ನುತ್ತಿದ್ದರು. ನಿಮಗೆ ಕೇಳಿಸುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇದನ್ನು ಓದಿ ನಿಮಗೆ ನೋವಾಗುತ್ತದೆಂದು ಬಲ್ಲೆ. ಆದರೆ ನನ್ನ ಮೇಲಿರುವ ದೂರು ನಿಜವೆಂದಾದರೆ ನನ್ನನ್ನು ಈ ದೇಶದಿಂದ ಹೊರಹಾಕಿ, ಇನ್ನೆಂದೂ ಕಾಲಿಡದಂತೆ ಮಾಡುತ್ತಾರೆ. ಇಲಿಂಕಾ ತನ್ನ ತಾಯಿ ಒಬ್ಬ ಮುದುಕಿಯನ್ನು ಸಾಯಲು ಬಿಟ್ಟವಳೆಂಬ ಮಾತನ್ನು ಕೇಳುತ್ತ ಬೆಳೆಯಬೇಕಾಗುತ್ತದೆ. ದೂರನ್ನು ಹಿಂತೆಗೆದುಕೊಳ್ಳಿರೆಂದು ಬೇಡುತ್ತೇನೆ.

ಯುಸ್ಟಿನಾ ರುಸ್ನಾಕ್


ತೋರಿನೊ, ೨೧ ಮಾರ್ಚ್ ೨೦೨೧

ಹೇಗೆ ಸಂಬೋಧಿಸಬೇಕೆಂದು ತಿಳಿಯುತ್ತಿಲ್ಲ, ಯುಸ್ಟಿನಾ.

ಪೊಲೀಸರ ಮುಂದೆ ನಾನು ಕೊಟ್ಟ ಹೇಳಿಕೆಯಲ್ಲಿ, ಕ್ಯಾಮೆರಾದ ದಾಖಲೆಯನ್ನು ಮೊದಲ ಬಾರಿಗೆ ಅಮ್ಮ ತೀರಿಕೊಂಡ ದಿನ ಸಂಜೆ ನೋಡಿದೆನೆಂದು ಬರೆಸಿದ್ದೇನೆ. ಅದು ನಿಜವಲ್ಲ. ಆ ಬೆಳಿಗ್ಗೆ ಏಳು ಗಂಟೆ ಐದು ನಿಮಿಷದಿಂದ ನಾನು ನೋಡುತ್ತಿದ್ದೆ. ಟ್ರಾಮಿನಲ್ಲಿ ನಿಂತಿದ್ದೆ. ಅಮ್ಮ ಮಲಗಿದ್ದಳು. ನೀವು ಬತ್ತಿ ಹಿಡಿದು ಬಂದಿರಿ. ಅಂದು ಫೆಬ್ರವರಿ ಎರಡು, ಬತ್ತಿಗಳ ಹಬ್ಬ. ನಾನು ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಬೆಳಗಿನ ಪೂಜೆಗೆ ಕರೆದೊಯ್ದು, ಆಶೀರ್ವದಿಸಿದ ಬತ್ತಿಗಳನ್ನು ಮನೆಗೆ ತರುತ್ತಿದ್ದಳು. ಹಾದಿಯಲ್ಲಿ ಆರಿದರೆ ನನಗೆ ಪೆಟ್ಟು. ನೀವು ಅದನ್ನು ಹೇಗೋ ತಿಳಿದುಕೊಂಡು, ಚರ್ಚಿಗೆ ಹೋಗಲಾರದವಳಿಗಾಗಿ ಹಾಸಿಗೆಯಲ್ಲೇ ಹಬ್ಬ ಮಾಡುತ್ತಿದ್ದೀರೆಂದು ಭಾವಿಸಿದೆ. ಅವಳ ಕೈಯನ್ನು ನೀವು ಹಿಡಿದುಕೊಂಡ ಬಗೆ ಕಂಡು ನನಗೆ ಸಂತೋಷವಾಯಿತು. ಟ್ರಾಮಿನಲ್ಲಿ ಒಬ್ಬಳೇ ನಕ್ಕೆ. ಅಷ್ಟರಲ್ಲಿ ನಾನು ಇಳಿಯುವ ನಿಲ್ದಾಣ ಬಂತು. ಫೋನನ್ನು ಚೀಲಕ್ಕೆ ಹಾಕಿದೆ. ಕಚೇರಿಯ ಮೆಟ್ಟಿಲಿನಲ್ಲಿ ಅದು ಹೊಡೆದುಕೊಂಡಿತು. ನಿಮ್ಮ ಹೆಸರು ಕಂಡು, ಹಬ್ಬದ ಶುಭಾಶಯ ಹೇಳಲು ಮಾಡಿದ್ದೀರಿ, ಮಧ್ಯಾಹ್ನ ಮಾತನಾಡಿದರಾಯಿತು ಎಂದುಕೊಂಡೆ.

ನನ್ನ ತಾಯಿ ಸಾಯುವುದನ್ನು ನೋಡಿ ಸಂತೋಷಪಟ್ಟವಳು ನಾನು. ಇದನ್ನು ಹೊತ್ತುಕೊಂಡು ಒಂದು ದಿನವೂ ಇರಲಾಗಲಿಲ್ಲ. ಯಾರಾದರೂ ತಪ್ಪಿತಸ್ಥರು ಬೇಕಾಗಿತ್ತು. ಕ್ಯಾಮೆರಾದ ಮುಂದೆ ಇದ್ದವರು ನೀವೊಬ್ಬರೇ.

ಈಗ ದೂರನ್ನು ಹಿಂತೆಗೆದರೆ ನನ್ನ ಹೇಳಿಕೆ ಏಕೆ ಬದಲಾಯಿತೆಂದು ಕೇಳುತ್ತಾರೆ. ಸುಳ್ಳು ಹೇಳಿಕೆ ಕೊಟ್ಟವಳನ್ನು ನಾನು ದುಡಿಯುವ ನೋಟರಿ ಕಚೇರಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನನಗೆ ಐವತ್ತೆಂಟು ವರ್ಷ. ಧೈರ್ಯವಿಲ್ಲ. ಕ್ಷಮೆ ಕೇಳುವ ಯೋಗ್ಯತೆಯೂ ಇಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ಬತ್ತಿ ಹಚ್ಚಿದ ಮೇಲೆ ಅಮ್ಮನ ತುಟಿಗಳು ಚಲಿಸುತ್ತವೆ. ನೀವು ಬಾಗಿ ಏನೋ ಉತ್ತರಿಸುತ್ತೀರಿ. ಮತ್ತೆ ಅವಳು ಮಾತನಾಡುತ್ತಾಳೆ. ಆ ಭಾಗವನ್ನು ಅರವತ್ತು ಸಲವಾದರೂ ನೋಡಿದ್ದೇನೆ, ದೊಡ್ಡದು ಮಾಡಿ, ನಿಧಾನಗೊಳಿಸಿ. ಒಂದು ಶಬ್ದವೂ ತಿಳಿಯಲಿಲ್ಲ. ಅವಳು ಏನು ಹೇಳಿದಳು, ಯುಸ್ಟಿನಾ? ಬೈಗುಳವೇ ಆಗಿದ್ದರೂ ಬರೆಯಿರಿ.

ಓದಿದ ಮೇಲೆ ಈ ಪತ್ರವನ್ನು ಸುಟ್ಟುಬಿಡಿ.

ಫುಲ್ವಿಯಾ


ಪೋರ್ತೊ ಸಾನ್ ಜೋರ್ಜೊ, ೩ ಏಪ್ರಿಲ್ ೨೦೨೧

ಸಿನ್ಯೋರಾ ಫುಲ್ವಿಯಾ ಅವರಿಗೆ,

ನಿಮ್ಮ ಪತ್ರವನ್ನು ನಿನ್ನೆ ನನ್ನ ಪರ ವಾದಿಸುವ ವಕೀಲೆಗೆ ಒಪ್ಪಿಸಿದೆ. ಒಪ್ಪಿಸಿದ ಮೇಲೆಯೇ ಈ ಉತ್ತರ ಬರೆಯಲು ಕುಳಿತಿದ್ದೇನೆ. ಮೊದಲೇ ಬರೆದಿದ್ದರೆ ಅದನ್ನು ಕೊಡಲು ನನ್ನ ಕೈ ಏಳುತ್ತಿರಲಿಲ್ಲ.

ವಕೀಲೆ ಎರಡು ಸಲ ಓದಿ ಕನ್ನಡಕ ತೆಗೆದರು.

“ಇದು ಸಾಕು. ದೂರು ನಿಲ್ಲಲ್ಲ. ಆದ್ರೆ ಈಯಮ್ಮಂಗೆ ಏನಾಗತ್ತೆ ಅಂತ ಗೊತ್ತಾ ನಿಮಗೆ?”

“ಅವರೇ ಬರ್ದಿದಾರಲ್ಲ.”

“ಸುಟ್ಬಿಡಿ ಅಂತಾನೂ ಬರ್ದಿದಾರೆ.”

“ನನಗೆ ಮಗಳಿದ್ದಾಳೆ, ಮೇಡಂ.”

ಇದಕ್ಕಿಂತ ಹೆಚ್ಚಿನ ಸಮರ್ಥನೆ ನನ್ನಲ್ಲಿಲ್ಲ. ನೀವು ನನ್ನನ್ನು ನಂಬಿ ಬರೆದಿರಿ. ಆ ನಂಬಿಕೆಯನ್ನು ನಾನು ಕಚೇರಿಯ ಮೇಜಿನ ಮೇಲಿಟ್ಟು, ರಸೀದಿ ಪಡೆದು ಬಂದೆ. ಪರವಾನಗಿ ಸಿಕ್ಕೀತೆಂಬ ಭರವಸೆಯನ್ನು ವಕೀಲೆ ಕೊಡಲಿಲ್ಲ. ಸಹಿ ಹಾಕಬೇಕಾದವರು ನೀವು. ಇನ್ನು ನೀವು ಹಾಕಲಾರಿರಿ. ಜೈಲಿಲ್ಲದೆ ಊರಿಗೆ ಹೋಗಬಹುದು ಎಂದರು. ಹೋದರೆ ಮರಳುವಂತಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಒಂದು ಮಾತನ್ನೂ ಸೇರಿಸುವುದಿಲ್ಲ, ಬಿಡುವುದಿಲ್ಲ.

ಅಂಗಳ ದಾಟಬೇಕಾಗಿದ್ದುದರಿಂದ ನಾನು ಕೋಟು ಹಾಕಿಕೊಂಡು ಹೋಗಿದ್ದೆ. ಹಾಗೆಯೇ ಬಂದು ಕುಳಿತು ಬತ್ತಿ ಹಚ್ಚಿದೆ. ಅವರಿಗೆ ಉರಿ ಕಾಣಿಸಿತು, ಕೋಟು ಕಾಣಿಸಿತು. ನನ್ನ ಮುಖ ಕಾಣಿಸಲಿಲ್ಲ.

“ಫುಲ್ವಿಯಾ?” ಎಂದರು.

ನಾನು ಬಾಗಿ, “ಹೂಂ ಅಮ್ಮ, ನಾನೇ” ಎಂದೆ.

“ಬಿಟ್ರಾ ಪೊಲೀಸ್ರು?”

“ಬಿಟ್ರು.”

ಆಮೇಲೆ, “ಮತ್ತೆ ಕೋಟು ತೆಗಿಯೇ. ಮನೆಯೊಳಗೆ ಕೋಟು ಹಾಕ್ಕೊಂಡು ಕೂತ್ರೆ ಈಗ್ಲೇ ಹೊರಡೋಳ ಥರ ಕಾಣ್ತೀಯ” ಎಂದರು.

ಒಂದು ಕೈಯಿಂದ ಬತ್ತಿಯನ್ನೂ ಅವರ ಬೆರಳುಗಳನ್ನೂ ಹಿಡಿದುಕೊಂಡು, ಇನ್ನೊಂದು ಕೈಯಿಂದ ನಾನು ಕೋಟನ್ನು ಕಳಚಿದೆ. ಆ ಚಿತ್ರದಲ್ಲಿ ಅದನ್ನು ನೀವು ನೋಡಿರುತ್ತೀರಿ.

ಯುಸ್ಟಿನಾ ರುಸ್ನಾಕ್